ಹಳೆಯ ಕಂಪ್ಯೂಟರ್ ಮತ್ತು ಇಚ್ಛೆಯ ಪರಿಮಾಣ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹಿಂಸೆ ನಡೆದಾಗ, ಸುಳ್ಳು ನುಡಿದಾಗ, ಪರರ ವಸ್ತುವಿಗೆ ಕೈಯಿಟ್ಟಾಗ ಅಂತರಂಗಕ್ಕೆ ಅದು ಕೂಡಲೇ ತಿಳಿಯುತ್ತದೆ. ಪರಿಗ್ರಹದ ಮೇರೆ ಮೀರಿದ್ದು ಮಾತ್ರ ಬಹುಕಾಲ ತಿಳಿಯುವುದೇ ಇಲ್ಲ. ‘ಅಗತ್ಯ’ ಎಂಬ ಗೌರವದ ಹೆಸರು ಹೊತ್ತು ಅದು ಮನೆಯೊಳಗೆ ಬರುತ್ತದೆ, ಮನೆಯವರೆಲ್ಲರ ಒಪ್ಪಿಗೆ ಪಡೆದೇ ಬರುತ್ತದೆ.

ಬಾಹ್ಯ ಪರಿಗ್ರಹವನ್ನು ಆಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ: ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪದಾರ್ಥ. ಆ ಕಾಲದ ಎಣಿಕೆಯಲ್ಲಿ ಕಂಪ್ಯೂಟರ್ ಇರಲು ಸಾಧ್ಯವಿರಲಿಲ್ಲ. ಆದರೆ ಇಂದಿನ ಗೃಹಸ್ಥನ ಮನೆಯಲ್ಲಿ ಹೊಲದ ಪಹಣಿಯಿಂದ ಬ್ಯಾಂಕಿನ ಲೆಕ್ಕದವರೆಗೆ, ಮಕ್ಕಳ ಪಾಠದಿಂದ ಮುನಿಗಳ ಪ್ರವಚನದವರೆಗೆ ಎಲ್ಲಕ್ಕೂ ಅದೇ ದಾರಿ. ಐದಾರು ವರ್ಷಗಳಿಗೊಮ್ಮೆ ಒಂದು ಪ್ರಶ್ನೆ ಏಳುತ್ತದೆ: ಇದನ್ನು ಇನ್ನೂ ಬಳಸಬೇಕೇ, ಸರಿಪಡಿಸಬೇಕೇ, ಬಿಟ್ಟು ಹೊಸದನ್ನು ತರಬೇಕೇ? ಇದು ಹಣದ ಪ್ರಶ್ನೆಯೆಂದೇ ಸಾಮಾನ್ಯವಾಗಿ ತೋರುತ್ತದೆ. ಜೈನ ಆಚಾರಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ಇದು ವ್ರತದ ಪ್ರಶ್ನೆಯೂ ಹೌದು.

ಉಪಭೋಗದ ವಸ್ತು

ಗೃಹಸ್ಥನು ಬಳಸುವ ವಸ್ತುಗಳಲ್ಲಿ ಎರಡು ತೆರ. ಒಮ್ಮೆ ಬಳಸಿದರೆ ಮುಗಿದುಹೋಗುವ ಅನ್ನ, ಹೂವು, ಗಂಧ ಇವು ಭೋಗ. ಮತ್ತೆ ಮತ್ತೆ ಬಳಕೆಗೆ ಒದಗುವ ಬಟ್ಟೆ, ಒಡವೆ, ವಾಹನ ಇವು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಕಂಪ್ಯೂಟರ್ ನಿಸ್ಸಂದೇಹವಾಗಿ ಉಪಭೋಗದ ವಸ್ತು. ಆದರೆ ಇಂದಿನ ಮಾರುಕಟ್ಟೆ ಅದನ್ನು ಭೋಗದ ವಸ್ತುವಿನಂತೆ ಮಾರುತ್ತಿದೆ. ಬಾಡುವ ಹೂವಿನ ಹಾಗೆ, ಎರಡು ವರ್ಷ ಕಳೆದರೆ ಅದು ಹಳಸಿತು ಎಂಬ ಭಾವನೆಯನ್ನು ಬಿತ್ತುತ್ತಿದೆ. ಉಪಭೋಗವನ್ನು ಭೋಗವಾಗಿಸುವ ಈ ಪಲ್ಲಟದಲ್ಲಿಯೇ ಮೊದಲ ಎಡವು ಇದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆ ಎಂಬ ಪದದಿಂದ ವಿವರಿಸಿದ್ದಾರೆ. ಮೂರ್ಛೆಯೆಂದರೆ ‘ಇದು ನನ್ನದು’ ಎಂಬ ಮಮಕಾರ. ವಸ್ತು ಹೊರಗಿದೆ, ಪರಿಗ್ರಹ ಒಳಗಿದೆ. ಆದ್ದರಿಂದಲೇ ಬಾಹ್ಯ ಪರಿಗ್ರಹ ಹತ್ತಾದರೆ ಅಂತರಂಗದ ಪರಿಗ್ರಹ ಹದಿನಾಲ್ಕು. ಕ್ರೋಧ, ಮಾನ, ಮಾಯೆ, ಲೋಭಗಳೂ ರತಿ, ಅರತಿ, ಭಯ, ಜುಗುಪ್ಸೆಗಳೂ ಅದರಲ್ಲಿ ಸೇರಿವೆ. ಹೊಸ ಯಂತ್ರದ ಮೇಲಿನ ರತಿಯೂ ಹಳೆಯದರ ಮೇಲಿನ ಜುಗುಪ್ಸೆಯೂ ಒಂದೇ ಪಟ್ಟಿಯಲ್ಲಿರುವುದು ಗಮನಾರ್ಹ.

ಮೂರ್ಛೆಗೆ ಎರಡು ಮುಖಗಳಿವೆ. ಕೆಲಸ ಮಾಡುವ ಯಂತ್ರವಿದ್ದೂ ಹೊಸದಕ್ಕೆ ಕೈಚಾಚುವುದು ಒಂದು ಮುಖ. ಎಂದೋ ಕೆಟ್ಟುಹೋದ ಎರಡು ಲ್ಯಾಪ್‌ಟಾಪ್, ಒಂದು ಮಾನಿಟರ್, ಮೂರು ಕೀಲಿಮಣೆಗಳನ್ನು ಅಟ್ಟದ ಮೇಲೆ ಕಟ್ಟಿಟ್ಟು, ಎಂದಾದರೂ ಬೇಕಾದೀತು ಎನ್ನುವುದು ಇನ್ನೊಂದು ಮುಖ. ಮೊದಲನೆಯದನ್ನು ಜನ ಲೋಭವೆಂದು ಗುರುತಿಸುತ್ತಾರೆ. ಎರಡನೆಯದು ಮಿತವ್ಯಯದ ವೇಷದಲ್ಲಿ ಉಳಿದುಬಿಡುತ್ತದೆ.

ಆನಂದ ಶ್ರಾವಕ ಎಳೆದ ಗೆರೆ

ಮೇರೆ ಹಾಕುವುದೆಂದರೆ ಇದ್ದುದನ್ನೆಲ್ಲ ಎಸೆಯುವುದೆಂದು ಅನೇಕರ ತಿಳಿವಳಿಕೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಆನಂದನ ಕಥೆ ಬೇರೆಯದನ್ನೇ ಹೇಳುತ್ತದೆ. ವಾಣಿಜ್ಯಗ್ರಾಮದ ಆನಂದ ಮಹಾಧನಿಕ. ನಾಲ್ಕು ಕೋಟಿ ಹೊನ್ನು ನಿಧಿಯಲ್ಲಿ, ನಾಲ್ಕು ಕೋಟಿ ವ್ಯವಹಾರದಲ್ಲಿ, ನಾಲ್ಕು ಕೋಟಿ ಮನೆವಾರ್ತೆಯಲ್ಲಿ. ಹತ್ತು ಸಾವಿರ ಗೋವುಗಳ ನಾಲ್ಕು ಮಂದೆಗಳು. ಮಹಾವೀರಸ್ವಾಮಿಯ ಸನ್ನಿಧಿಯಲ್ಲಿ ಅವನು ಶ್ರಾವಕವ್ರತ ಹಿಡಿದಾಗ, ಇಷ್ಟಕ್ಕೆ ಮಿಗಿಲಾಗಿ ಇನ್ನು ಸೇರಿಸೆನು ಎಂದು ಗೆರೆ ಎಳೆದುಕೊಂಡ. ಉಳುವ ನೇಗಿಲು ಐನೂರಕ್ಕೆ ನಿಂತಿತು. ಮೈ ಒರಸುವ ಬಟ್ಟೆ ಯಾವುದು, ಹಲ್ಲುಜ್ಜುವ ಕಡ್ಡಿ ಯಾವ ಗಿಡದ್ದು ಎಂಬವರೆಗೂ ಅವನ ನಿಯಮ ಇಳಿಯಿತು.

ಆನಂದನ ಸಂಪತ್ತಿನ ಅಳತೆ ಇಲ್ಲಿ ಮುಖ್ಯವಲ್ಲ. ಆಸೆ ಮೂಡುವುದಕ್ಕೆ ಮೊದಲೇ ಅವನು ಗೆರೆ ಎಳೆದ ಎಂಬುದು ಮುಖ್ಯ. ಅಂಗಡಿಯ ಗಾಜಿನೆದುರು ನಿಂತಾಗ, ರಿಯಾಯಿತಿಯ ಕೊನೆಯ ದಿನ ಸಮೀಪಿಸಿದಾಗ ಎಳೆದ ಗೆರೆ ನಿಲ್ಲುವುದಿಲ್ಲ. ಈ ಮನೆಗೆ ಎಷ್ಟು ಯಂತ್ರ ಸಾಕು, ಯಾವ ಕೆಲಸಕ್ಕೆ ಬೇಕು, ಯಾವ ಸ್ಥಿತಿಗೆ ಬಂದಾಗ ಬದಲಿಸಬೇಕು ಎಂಬುದನ್ನು ಮನಸ್ಸು ಶಾಂತವಾಗಿದ್ದಾಗಲೇ ನಿಶ್ಚಯಿಸಿಕೊಳ್ಳುವುದು ಶ್ರಾವಕನ ಕ್ರಮ.

ಪಿಂಛಿ ಕಲಿಸುವ ಪಾಠ

ಯಾವ ಸ್ಥಿತಿಗೆ ಬಂದಾಗ ಎಂಬ ಪ್ರಶ್ನೆಗೆ ಉತ್ತರ ಮುನಿಧರ್ಮದಲ್ಲಿ ದೊರೆಯುತ್ತದೆ. ಸರ್ವಪರಿಗ್ರಹವನ್ನೂ ತೊರೆದ ದಿಗಂಬರ ಮುನಿಯ ಬಳಿ ಮೂರು ಉಪಕರಣಗಳಿರುತ್ತವೆ. ಜ್ಞಾನಕ್ಕೆ ಶಾಸ್ತ್ರ, ಶೌಚಕ್ಕೆ ಕಮಂಡಲು, ಸಂಯಮಕ್ಕೆ ಪಿಂಛಿ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ಪಿಂಛಿಗೆ ಐದು ಗುಣಗಳನ್ನು ಹೇಳಿದ್ದಾರೆ: ಧೂಳು ಹಿಡಿಯದು, ಬೆವರು ಹೀರದು, ಮೃದು, ಸುಕುಮಾರ, ಹಗುರ. ಕೂರುವ ನೆಲವನ್ನೂ ಎತ್ತಿಡುವ ಗ್ರಂಥವನ್ನೂ ಅದರಿಂದ ಸವರಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗೂ ನೋವಾಗದಂತೆ ಮುನಿಗಳು ವರ್ತಿಸುತ್ತಾರೆ.

ವರ್ಷಕಾಲದ ಚಾತುರ್ಮಾಸ ಮುಗಿದ ಬಳಿಕ ಪಿಂಛಿ ಪರಿವರ್ತನೆ ನಡೆಯುತ್ತದೆ. ಏನನ್ನೂ ತನ್ನದೆನ್ನದ ಮುನಿಯೂ ಉಪಕರಣವೊಂದನ್ನು ಬದಲಿಸುತ್ತಾನೆ. ಬದಲಿಸಲು ಕಾರಣ ಅದು ಹಳತಾಯಿತೆಂಬುದಲ್ಲ, ಅಂದಗೆಟ್ಟಿತೆಂಬುದೂ ಅಲ್ಲ. ಬಳಸಿ ಬಳಸಿ ಗರಿಯ ಎಳೆಗಳು ಸವೆದು ಒರಟಾದರೆ ಜೀವಿಯನ್ನು ಕಾಯಬೇಕಾದ ಸಾಧನವೇ ಜೀವಿಗೆ ನೋವು ಮಾಡೀತು. ಅದನ್ನು ಬಿಡದೆ ಹಿಡಿದರೆ ವ್ರತಕ್ಕೆ ಭಂಗ. ಮೃದುವಾಗಿರುವಾಗಲೇ ಬಿಟ್ಟರೆ ಪ್ರಯೋಜನವಿಲ್ಲದ ಸಂಗ್ರಹ. ಬಿಟ್ಟ ಪಿಂಛಿ ಬೀದಿಗೂ ಬೀಳುವುದಿಲ್ಲ. ಸಂಯಮದ ನಿಯಮವೊಂದನ್ನು ಸ್ವೀಕರಿಸಿದ ಶ್ರಾವಕರು ಅದನ್ನು ಭಕ್ತಿಯಿಂದ ಪಡೆಯುತ್ತಾರೆ.

ಉಪಕರಣ ಯಾವ ಉದ್ದೇಶಕ್ಕೆ ಬಂದಿತೋ ಆ ಉದ್ದೇಶ ಸಲ್ಲುತ್ತಿರುವವರೆಗೆ ಇರಲಿ, ಉದ್ದೇಶಕ್ಕೇ ಬಾಧಕವಾದಾಗ ಬಿಡಲಿ, ಬಿಟ್ಟದ್ದು ಯೋಗ್ಯ ಕೈ ಸೇರಲಿ. ಪಿಂಛಿಯ ಈ ಮೂರು ಮಾತುಗಳನ್ನು ಮೇಜಿನ ಮೇಲಿನ ಯಂತ್ರಕ್ಕೆ ಅನ್ವಯಿಸಿ ನೋಡಬಹುದು.

ಸಮೀಕ್ಷೆಯಿಲ್ಲದ ನಿರ್ಧಾರ

ಅನರ್ಥದಂಡ ವ್ರತದ ಅತಿಚಾರಗಳಲ್ಲಿ ‘ಅಸಮೀಕ್ಷ್ಯಾಧಿಕರಣ’ ಎಂಬುದೊಂದಿದೆ. ಪ್ರಯೋಜನವನ್ನು ಪರಿಶೀಲಿಸದೆ ಕಾರ್ಯಕ್ಕೆ ಕೈಹಾಕುವುದು ಅದರ ಅರ್ಥ. ಅದೇ ಸಾಲಿನ ಇನ್ನೊಂದು ಅತಿಚಾರ ಬೇಕಾದುದಕ್ಕಿಂತ ಹೆಚ್ಚು ಉಪಭೋಗದ ವಸ್ತುಗಳನ್ನು ಇರಿಸಿಕೊಳ್ಳುವುದು. ‘ಕಂಪ್ಯೂಟರ್ ನಿಧಾನವಾಯಿತು, ಹೊಸದು ತರೋಣ’ ಎಂಬ ಮಾತಿನಲ್ಲಿ ಈ ಎರಡೂ ದೋಷ ಒಟ್ಟಿಗೆ ಸೇರುವುದು ಸುಲಭ.

ನಿಧಾನವಾದದ್ದು ಏಕೆ ಎಂಬ ಪರಿಶೀಲನೆ ಮೊದಲಾಗಬೇಕು. ಒಳಗಿನ ಫ್ಯಾನಿನಲ್ಲಿ ಧೂಳು ತುಂಬಿ ಗಾಳಿಯಾಡದಿದ್ದರೆ ಯಂತ್ರ ಕಾಯುತ್ತದೆ. ಕಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಶುಚಿಗೊಳಿಸುವಿಕೆ ಮಾತ್ರ. ತಿರುಗುವ ತಟ್ಟೆಗಳುಳ್ಳ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಯಂತ್ರ ತೆರೆದುಕೊಳ್ಳಲು ನಿಮಿಷಗಳೇ ಹಿಡಿಯುತ್ತವೆ. ಅದರ ಜಾಗಕ್ಕೆ ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಬಂದರೆ ಅದೇ ಯಂತ್ರ ಹೊಸದರಂತೆ ಓಡುವುದುಂಟು. ನಾಲ್ಕು ಜಿಬಿ ರ‍್ಯಾಮ್ ಸಾಲದಾಗಿದ್ದರೆ ಎಂಟಕ್ಕೆ ಏರಿಸಬಹುದು. ಪ್ರತಿ ಸಲ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಪುಟ್ಟ ಬ್ಯಾಟರಿ ತೀರಿರುವುದೇ ಬಹುಮಟ್ಟಿಗೆ ಕಾರಣ.

ಬೇರೆ ಲಕ್ಷಣಗಳೂ ಇವೆ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಬೆಂಕಿಯ ಭಯವಿದೆ. ಅದನ್ನು ಕೂಡಲೇ ತೆಗೆಸಬೇಕು. ಇನ್ನೂ ನಡೆಯುತ್ತದೆ ಎಂದು ಉಳಿಸಿಕೊಳ್ಳುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು ಎಂಬುದು ಜೈನ ಚಿಂತನೆಯ ಮೂಲ ನಿಲುವು. ಮದರ್‌ಬೋರ್ಡ್ ಕೆಟ್ಟು, ದುರಸ್ತಿಯ ವೆಚ್ಚ ಯಂತ್ರದ ಬೆಲೆಯನ್ನೇ ಸಮೀಪಿಸಿದ್ದರೆ ಅಲ್ಲಿಯೂ ಬಿಡುವುದು ಯುಕ್ತ.

ತಂದೆ ಮಗನ ಎರಡು ನಯ

ಒಂದೇ ಯಂತ್ರಕ್ಕೆ ಎರಡು ಉತ್ತರಗಳಿರಬಹುದು ಎಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಹೀಗಾಗಿ ಗಟ್ಟಿಮುಟ್ಟಾಗಿದ್ದ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ ‘ಹಳೆಯವು’ ಆದವು. ‘ಇದರಲ್ಲಿ ಇನ್ನು ಕೆಲಸ ಸಾಗದು, ಅಪ್ಪಾ’ ಎಂದು ಮಗ, ‘ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎಂದು ತಂದೆ ವಾದಿಸುವ ಸಂದರ್ಭ ಅನೇಕ ಮನೆಗಳಲ್ಲಿ ಬಂದಿರಬೇಕು.

ಜೈನ ತರ್ಕದಲ್ಲಿ ಇಬ್ಬರ ಮಾತಿಗೂ ಸ್ಥಾನವಿದೆ. ದ್ರವ್ಯಾರ್ಥಿಕ ನಯ ಸ್ಥಿರವಾದುದನ್ನು ನೋಡುತ್ತದೆ, ಪರ್ಯಾಯಾರ್ಥಿಕ ನಯ ಬದಲಾಗುವ ಅವಸ್ಥೆಯನ್ನು ನೋಡುತ್ತದೆ. ಲೋಹ, ತೆರೆ, ಕೀಲಿಮಣೆ ಎಲ್ಲವೂ ಇದ್ದಂತೆಯೇ ಇವೆ ಎಂಬ ತಂದೆಯ ಮಾತು ಒಂದು ಅಪೇಕ್ಷೆಯಿಂದ ಸತ್ಯ. ಸುತ್ತಲಿನ ಪರಿಸ್ಥಿತಿ ಬದಲಾಗಿ ಅದು ಅಸುರಕ್ಷಿತವಾಗುತ್ತಿದೆ ಎಂಬ ಮಗನ ಮಾತು ಇನ್ನೊಂದು ಅಪೇಕ್ಷೆಯಿಂದ ಸತ್ಯ. ತನ್ನ ನಯವೇ ಪೂರ್ಣಸತ್ಯವೆಂದು ಯಾರು ಹಟ ಹಿಡಿಯುತ್ತಾರೋ ಅಲ್ಲಿ ಏಕಾಂತವಾದ ಹುಟ್ಟುತ್ತದೆ.

ನಿರ್ಣಯಕ್ಕೆ ಪಿಂಛಿಯ ಅಳತೆಗೋಲು ಬೇಕು. ಆ ಯಂತ್ರದಲ್ಲಿ ತಂದೆ ಊರಿನ ಹತ್ತಾರು ವರ್ತಕರ ತೆರಿಗೆಯ ಲೆಕ್ಕ ಬರೆಯುತ್ತಿದ್ದರೆ, ಬ್ಯಾಂಕಿನ ವ್ಯವಹಾರ ನಡೆಸುತ್ತಿದ್ದರೆ, ಭದ್ರತೆಯಿಲ್ಲದ ಯಂತ್ರದಿಂದ ಅಪಾಯ ಬರುವುದು ಅವರೊಬ್ಬರಿಗಲ್ಲ. ಅವರನ್ನು ನಂಬಿ ಕಾಗದಪತ್ರ ಕೊಟ್ಟವರಿಗೆಲ್ಲ ಬರುತ್ತದೆ. ಅಂಥ ಕಡೆ ಅದು ಎಳೆ ಒರಟಾದ ಪಿಂಛಿ. ಅಂತರ್ಜಾಲದ ಸಂಪರ್ಕವನ್ನೇ ತೆಗೆದು ಪ್ರವಚನ ಕೇಳಲು, ಗ್ರಂಥ ಓದಲು, ಬರೆಹಕ್ಕೆ ಮಾತ್ರ ಬಳಸುವುದಾದರೆ ಅದೇ ಯಂತ್ರದ ಗರಿ ಇನ್ನೂ ಮೃದುವಾಗಿದೆ. ನಡುವಿನ ದಾರಿಯೂ ಇದೆ: ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಗಳಲ್ಲಿ ಕೆಲವು ಹಳೆಯ ಯಂತ್ರಗಳಲ್ಲಿಯೂ ಸರಾಗವಾಗಿ ನಡೆಯುತ್ತವೆ, ಭದ್ರತಾ ಪರಿಷ್ಕರಣೆಗಳನ್ನೂ ಪಡೆಯುತ್ತವೆ. ಬಳಸುವ ತಂತ್ರಾಂಶ ಅಲ್ಲಿ ನಡೆಯುತ್ತದೆಯೇ ಎಂದು ಮೊದಲು ನೋಡಿಕೊಂಡರಾಯಿತು.

ವಿಸ್ಮಯವೆಂಬ ಅತಿಚಾರ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಸಂಗ್ರಹ, ಲೋಭಗಳು ಯಾರಿಗೂ ತಿಳಿಯುವಂಥವು. ವಿಸ್ಮಯವನ್ನು ಅವುಗಳ ನಡುವೆ ಇರಿಸಿದ್ದು ಆಚಾರ್ಯರ ಮನಶ್ಶಾಸ್ತ್ರದ ಸೂಕ್ಷ್ಮತೆ. ಪರರ ಲಾಭವನ್ನು, ಸಿರಿಯನ್ನು ಕಂಡು ಬೆರಗಾಗಿ ತನ್ನಲ್ಲಿ ಇಲ್ಲವಲ್ಲ ಎಂದು ಕುಂದುವ ಮನಸ್ಸು ಅದು. ಸಹೋದ್ಯೋಗಿಯ ಮೇಜಿನ ಮೇಲಿನ ತೆಳ್ಳನೆಯ ಲ್ಯಾಪ್‌ಟಾಪನ್ನು ಕಂಡ ದಿನವೇ ಮನೆಯ ಯಂತ್ರ ನಿಧಾನವಾದಂತೆ ತೋರಿದರೆ, ದೋಷ ಎಲ್ಲಿದೆ ಎಂದು ಹುಡುಕಬೇಕಾದ ಜಾಗ ಬೇರೆ.

ಈ ವಿಸ್ಮಯಕ್ಕೆ ಕೊನೆಯಿಲ್ಲ. ಚಿಪ್ಪಿನೊಳಗಿನ ಘಟಕಗಳ ಸಂಖ್ಯೆ ಪ್ರತಿವರ್ಷ ಇಮ್ಮಡಿಯಾಗುತ್ತಿದೆ ಎಂದು ಗಾರ್ಡನ್ ಮೂರ್ 1965ರಲ್ಲಿ ಗುರುತಿಸಿದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ವೇಗದ ಬೆನ್ನು ಹತ್ತಿದವನು ಇಂದು ಕೊಂಡದ್ದು ನಾಳೆಗೆ ಹಿಂದೆ ಬೀಳುವುದು ನಿಶ್ಚಿತ. ಯಂತ್ರದ ವೇಗವನ್ನು ಮತ್ತೊಂದು ಯಂತ್ರದೊಡನೆ ಹೋಲಿಸದೆ ಮಾಡಬೇಕಾದ ಕೆಲಸದೊಡನೆ ಹೋಲಿಸುವವನಿಗೆ ಮಾತ್ರ ಈ ಓಟದಿಂದ ಬಿಡುಗಡೆ.

ಅತಿಭಾರವಹನ ಇದರ ಇನ್ನೊಂದು ಅಂಚು. ಎತ್ತಿನ ಮೇಲೆ ಶಕ್ತಿ ಮೀರಿದ ಹೊರೆ ಹೇರುವುದನ್ನು ಆಚಾರ್ಯರು ಪರಿಗ್ರಹದ ದೋಷವೆಂದು ಎಣಿಸಿದರು. ವೆಚ್ಚ ಉಳಿಸುವ ನೆಪದಲ್ಲಿ ಕೈಕೆಳಗಿನ ನೌಕರನಿಗೆ ಬಳಲಿದ ಯಂತ್ರ ಕೊಟ್ಟು ಹೊಸ ಯಂತ್ರದ ಕೆಲಸವನ್ನು ನಿರೀಕ್ಷಿಸುವ ಯಜಮಾನನೂ ಈ ಮಾತನ್ನು ನೆನೆಯಬೇಕು. ಅಲ್ಲಿ ಹೊರೆ ಹೊರುವುದು ಯಂತ್ರವಲ್ಲ, ಅದರ ಮುಂದೆ ಕುಳಿತ ಮನುಷ್ಯ.

ಎತ್ತಿಕೊಳ್ಳುವ ಎಚ್ಚರ, ಇಳಿಸುವ ಎಚ್ಚರ

ಮುನಿಗಳ ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿ ವಸ್ತುವನ್ನು ಎತ್ತುವಾಗ, ಇಡುವಾಗ ವಹಿಸುವ ಎಚ್ಚರ. ಉತ್ಸರ್ಗ ಸಮಿತಿ ತ್ಯಜಿಸುವಾಗಿನ ಎಚ್ಚರ. ಗೃಹಸ್ಥನು ಇವನ್ನು ಮುನಿಯಂತೆ ಪಾಲಿಸಲಾರ. ಆದರೂ ಅವುಗಳ ನೆರಳು ಅವನ ವ್ಯವಹಾರದ ಮೇಲೆ ಬಿದ್ದರೆ ಒಳಿತು.

ಎತ್ತಿಕೊಳ್ಳುವಾಗಿನ ಎಚ್ಚರವೆಂದರೆ, ಕೊಳ್ಳುವ ದಿನವೇ ಅದರ ಮುಂದಿನ ಆಯುಷ್ಯವನ್ನು ಕುರಿತು ಯೋಚಿಸುವುದು. ಇತ್ತೀಚಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸುವ ದಾರಿಯೇ ಇರುವುದಿಲ್ಲ. ಭಾಗಗಳನ್ನು ಬಿಚ್ಚಿ ಬದಲಿಸಬಹುದಾದ, ಬ್ಯಾಟರಿ ಸುಲಭವಾಗಿ ದೊರೆಯುವ, ಸಮೀಪದಲ್ಲಿಯೇ ದುರಸ್ತಿಯಾಗುವ ಯಂತ್ರವನ್ನು ಆರಿಸಿದವನು ಹತ್ತು ವರ್ಷದ ಸಂಯಮವನ್ನು ಒಂದೇ ದಿನ ಸಂಪಾದಿಸಿಕೊಂಡಂತೆ.

ಇಳಿಸುವಾಗಿನ ಎಚ್ಚರ ಇನ್ನೂ ಗಹನ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಅದರಲ್ಲಿ ಶೇ 22.3ಕ್ಕೆ ಮಾತ್ರ. ಉಳಿದುದರಲ್ಲಿ ಎಷ್ಟೋ ಭಾಗ ಗುಜರಿಯ ಹಿತ್ತಿಲುಗಳಲ್ಲಿ ಕೊನೆಗೊಳ್ಳುತ್ತದೆ. ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಚೂರು ಚಿನ್ನಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಸೀಸ, ಪಾದರಸ, ಕ್ಯಾಡ್ಮಿಯಂ ಮಣ್ಣಿಗೂ ನೀರಿಗೂ ಇಳಿಯುತ್ತವೆ. ಹೊಗೆ ಅಲ್ಲಿ ಬರಿಗೈಯಲ್ಲಿ ದುಡಿಯುವವರ ಉಸಿರಿಗೆ ಸೇರುತ್ತದೆ.

ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯಗಳೆಂಬ ಏಕೇಂದ್ರಿಯ ಜೀವಗಳನ್ನು ಎಣಿಸಿದ ಧರ್ಮಕ್ಕೆ ಈ ಚಿತ್ರ ಅಪರಿಚಿತವಲ್ಲ. ಒಂದು ಲ್ಯಾಪ್‌ಟಾಪ್ ತಪ್ಪಾದ ಕೈಗೆ ಹೋದಾಗ ಮಣ್ಣು, ನೀರು, ಗಾಳಿ ಮೂರಕ್ಕೂ ಪೆಟ್ಟು. ಪಂಚೇಂದ್ರಿಯನಾದ ಮನುಷ್ಯನಿಗೂ ಪೆಟ್ಟು. ಸಂಕಲ್ಪಿಸಿ ಮಾಡಿದ ಹಿಂಸೆಯಲ್ಲವಾದರೂ ಅಜಾಗರೂಕತೆಯಿಂದಾದ ಹಿಂಸೆಗೆ ಪ್ರಮಾದಚರ್ಯೆ ಎಂಬ ಹೆಸರಿದೆ, ಅದೂ ಅನರ್ಥದಂಡವೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ನೋಂದಾಯಿತ ಮರುಬಳಕೆದಾರರಿಗೆ ಯಂತ್ರವನ್ನು ತಲುಪಿಸಿದರೆ ಕೈಗೆ ಬರುವ ಹಣ ಗುಜರಿಯವರು ಕೊಡುವುದಕ್ಕಿಂತ ಕಡಿಮೆಯಿರಬಹುದು. ಆ ವ್ಯತ್ಯಾಸ ಅಹಿಂಸೆಗೆ ತೆತ್ತ ಬೆಲೆ.

ಬಿಡುವುದೂ ದಾನವಾಗಲಿ

ಇನ್ನೂ ಜೀವವಿರುವ ಯಂತ್ರಕ್ಕೆ ಇದಕ್ಕಿಂತ ಉತ್ತಮ ಗತಿಯಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ಹಿರಿಯ ಪರಂಪರೆಯಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪು ಸಾವಿರ ವರ್ಷಗಳ ಬಳಿಕವೂ ಮಾಸಿಲ್ಲ. ಶುಚಿಗೊಳಿಸಿ, ಅಗತ್ಯವಿದ್ದರೆ ಹೊಸ ಡಿಸ್ಕ್ ಹಾಕಿಸಿ, ಓದುವ ಬಡ ವಿದ್ಯಾರ್ಥಿಯ ಕೈಗೆ ಕೊಟ್ಟ ಕಂಪ್ಯೂಟರ್ ಆ ದಾನದ ಇಂದಿನ ರೂಪ. ಕೆಟ್ಟದ್ದನ್ನು ಸರಿಪಡಿಸದೆ ಸಾಗಹಾಕಿ ದಾನವೆಂದು ಕರೆದುಕೊಂಡರೆ ಅಲ್ಲಿ ಮಾಯೆಯೆಂಬ ಕಷಾಯ ಸೇರಿಕೊಳ್ಳುತ್ತದೆ.

ಕೊಡುವ ಮುನ್ನ ಎರಡು ಕೆಲಸ ಬಾಕಿ. ಒಳಗಿನ ಕಡತಗಳನ್ನು ಬೇರೆಡೆಗೆ ಪ್ರತಿ ಮಾಡಿಕೊಳ್ಳಬೇಕು. ಆಮೇಲೆ ಡಿಸ್ಕನ್ನು ಪೂರ್ಣವಾಗಿ ಅಳಿಸಬೇಕು. ಕಡತವನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ. ಪ್ರತಿ ಮಾಡುವ ವಿವೇಕ ಈ ನಾಡಿಗೆ ಹೊಸದಲ್ಲ. ಮೂಡುಬಿದಿರೆಯಲ್ಲಿ ತಾಳೆಗರಿಯ ಮೇಲೆ ಶತಮಾನಗಳ ಕಾಲ ಉಳಿದ ಧವಲಾ ಗ್ರಂಥವನ್ನು ಪ್ರತಿ ಮಾಡಿಸಿದ್ದರಿಂದಲೇ ಅದು 1939ರಿಂದ ಅಚ್ಚಾಗಿ ಲೋಕಕ್ಕೆ ದೊರೆಯಿತು. ಗರಿ ಜೀರ್ಣವಾಗುವುದು ಅದರ ಸ್ವಭಾವ. ಗರಿಯ ಮೇಲಿನ ಜ್ಞಾನವನ್ನು ಕಾಲವಿರುವಾಗಲೇ ದಾಟಿಸುವುದು ಮನುಷ್ಯನ ಹೊಣೆ.

ವ್ರತದಲ್ಲಿ ಯಮವೆಂದೂ ನಿಯಮವೆಂದೂ ಎರಡು ಬಗೆ. ಬದುಕಿನುದ್ದಕ್ಕೂ ಹಿಡಿದದ್ದು ಯಮ, ಕಾಲದ ಗಡುವಿಟ್ಟು ಹಿಡಿದದ್ದು ನಿಯಮ. ಗೃಹಸ್ಥನಿಗೆ ನಿಯಮ ಸುಲಭ. ಈ ಯಂತ್ರ ತನ್ನ ಕೆಲಸಕ್ಕೆ ಒದಗುತ್ತಿರುವವರೆಗೆ ಮೂರು ವರ್ಷ ಹೊಸದನ್ನು ತಾರೆನು ಎಂದೋ, ಒಂದನ್ನು ಯೋಗ್ಯ ಕೈಗೆ ಒಪ್ಪಿಸದೆ ಇನ್ನೊಂದನ್ನು ಮನೆಗೆ ತಾರೆನು ಎಂದೋ ಸಣ್ಣದೊಂದು ನಿಯಮ ಸಾಕು. ಗಡುವು ಮುಗಿದ ದಿನ ಮತ್ತೆ ಸಮೀಕ್ಷೆ ಮಾಡಲಿ. ಆ ದಿನ ಹೊಸದು ಬೇಕೆಂದು ಕಂಡರೆ ಸಂಕೋಚವಿಲ್ಲದೆ ತರಲಿ. ಅಷ್ಟು ಕಾಲ ಇಚ್ಛೆಯನ್ನು ಕಾಯಿಸಿದವನು ತರುವ ವಸ್ತು ಅವನಿಗೆ ಉಪಕರಣವಾಗಿ ಉಳಿಯುತ್ತದೆ, ಒಡೆಯನಾಗಿ ಕೂರುವುದಿಲ್ಲ.